ಅರಾಮಿಕ್ ಪದವೊಂದರ ಬೇರು, ಅರ್ಥ, ರೂಪ ಹುಡುಕುವುದು ಹೇಗೆ?

ಬಕ್ರೀದ್ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ‘ಕುರ್ಬಾನಿ’ ಅಂತ ಓದುತ್ತೇವೆ. ಬೆಳ್ತಂಗಡಿ ಕಡೆಯ ಸಿರೋ-ಮಲಬಾರ್ ಚರ್ಚುಗಳಲ್ಲಿ ಭಾನುವಾರದ ಪೂಜೆಗೆ ‘ಕುರ್ಬಾನ’ ಅನ್ನುತ್ತಾರೆ. ಮೊದಲನೆಯದು ಅರಬ್ಬಿ, ಪಾರ್ಸಿ, ಉರ್ದು ದಾಟಿ ನಮ್ಮಲ್ಲಿಗೆ ಬಂತು. ಎರಡನೆಯದು ಸಿರಿಯಾಕ್‌ನಿಂದ ಕೇರಳಕ್ಕೆ ಬಂದು ನಮ್ಮ ಕರಾವಳಿಗೂ ಹರಡಿತು. ಸಿರಿಯಾಕ್ ಅಂದರೆ ಪಶ್ಚಿಮ ಏಷ್ಯಾದ ಹಳೆಯ ಭಾಷೆಯಾದ ಅರಾಮಿಕ್‌ನ ಒಂದು ಶಾಖೆ. ಎರಡು ಪದಗಳ ಬೇರೂ ಒಂದೇ.

ಇಂಥ ಪದ ಕಣ್ಣಿಗೆ ಬಿದ್ದಾಗ ಅದರ ಮೂಲ ಹುಡುಕುವುದು ಹೇಗೆ ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಅರಾಮಿಕ್ ಮಾತಾಡಲು ಬರಬೇಕಿಲ್ಲ. 22 ಅಕ್ಷರ, ಒಂದು ಒಳ್ಳೆಯ ನಿಘಂಟು, ಸ್ವಲ್ಪ ತಾಳ್ಮೆ ಇದ್ದರೆ ಆಯ್ತು. ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಅರ್ಥದಿಂದ ಶುರು ಮಾಡಬೇಡಿ. ಮೊದಲು ರೂಪ ಬಿಡಿಸಿ, ಆಮೇಲೆ ಅರ್ಥಕ್ಕೆ ಬನ್ನಿ. ಉಲ್ಟಾ ಹೋದವರೇ ‘ಎಲ್ಲ ಭಾಷೆಗೂ ನಮ್ಮದೇ ತಾಯಿ’ ಅನ್ನುವಂಥ ಲೇಖನ ಬರೆಯುವುದು.

ಹೆಜ್ಜೆ 1: ಯಾವ ಅರಾಮಿಕ್ ಅಂತ ಗೊತ್ತು ಮಾಡಿಕೊಳ್ಳಿ

ಅರಾಮಿಕ್ ಅನ್ನುವುದು ಒಂದೇ ಭಾಷೆಯಲ್ಲ. ಸುಮಾರು 3000 ವರ್ಷ ಬಾಳಿದ, ಇನ್ನೂ ಬಾಳುತ್ತಿರುವ ಒಂದು ಭಾಷಾ ಗುಂಪು. ಸಿರಿಯಾ ಕಡೆ ಕ್ರಿ.ಪೂ. 9ನೇ ಶತಮಾನದ ಶಾಸನಗಳು ಸಿಕ್ಕಿವೆ. ಪರ್ಷಿಯಾದ ಅಕಮೆನಿಡ್ ದೊರೆಗಳ ಕಾಲದಲ್ಲಿ ಇದು ಸಾಮ್ರಾಜ್ಯದ ಕಚೇರಿ ಭಾಷೆ. ನೈಲ್ ನದಿಯ ಎಲಿಫಂಟೈನ್ ದ್ವೀಪದಲ್ಲಿ ಕ್ರಿ.ಪೂ. 5ನೇ ಶತಮಾನದ ಸಾಲಪತ್ರ, ಮದುವೆ ಕರಾರು, ದೂರು ಅರ್ಜಿಗಳು ಈ ಭಾಷೆಯಲ್ಲೇ ಇವೆ. ಬೈಬಲಿನ ದಾನಿಯೇಲ ಮತ್ತು ಎಜ್ರ ಪುಸ್ತಕಗಳ ಕೆಲವು ಭಾಗ, ಯೆಹೂದ್ಯರ ಧರ್ಮಗ್ರಂಥವಾದ ತಾಲ್ಮುಡ್‌ನ ದೊಡ್ಡ ಪಾಲು, ಇರಾಕ್-ಇರಾನ್‌ನ ಮಾಂಡಿಯನ್ನರು ಅನ್ನುವ ಸಣ್ಣ ಧಾರ್ಮಿಕ ಪಂಗಡದ ಗ್ರಂಥಗಳು, ಎಡೆಸ್ಸಾ ಅಂದರೆ ಇಂದಿನ ಟರ್ಕಿಯ ಉರ್ಫಾದಲ್ಲಿ ಬೆಳೆದ ಸಿರಿಯಾಕ್, ಎಲ್ಲವೂ ಅರಾಮಿಕ್. ಸಿರಿಯಾದ ಮಅಲೂಲಾ, ಟರ್ಕಿಯ ತೂರ್ ಅಬ್ದೀನ್, ಉತ್ತರ ಇರಾಕ್‌ನ ಊರುಗಳಲ್ಲಿ ಇವತ್ತಿಗೂ ಇದರ ರೂಪಗಳನ್ನು ಮಾತಾಡುತ್ತಾರೆ.

ಇದನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು ಯಾಕೆ? ‘ಅವನು ಬರೆಯುವನು’ ಅನ್ನುವುದಕ್ಕೆ ದಾನಿಯೇಲನ ಕಾಲದ ಅರಾಮಿಕ್‌ನಲ್ಲಿ ‘ಯಿಕ್ತುಬ್’, ಸಿರಿಯಾಕ್‌ನಲ್ಲಿ ‘ನೆಕ್ತೋಬ್’. ದಾನಿಯೇಲದಲ್ಲಿ ‘ಮಲ್ಕಾ’ ಅಂದರೆ ‘ಆ ರಾಜ’. ಸಿರಿಯಾಕ್‌ನಲ್ಲಿ ಬರೀ ‘ರಾಜ’. ಒಂದರ ವ್ಯಾಕರಣ ಇನ್ನೊಂದಕ್ಕೆ ಹಚ್ಚಿದರೆ ಅಲ್ಲಿಗೆ ಕೆಲಸ ಕೆಟ್ಟಿತು. ಇಲ್ಲಿ ನಾನು ಹೆಚ್ಚಾಗಿ ಸಿರಿಯಾಕ್ ಉದಾಹರಣೆಗಳನ್ನೇ ಕೊಡುತ್ತೇನೆ. ಕಲಿಯಲು ಸಾಮಗ್ರಿ ಜಾಸ್ತಿ ಇರುವುದು ಅದರಲ್ಲೇ.

ಹೆಜ್ಜೆ 2: ಉಚ್ಚಾರ ಬಿಡಿ, ಅಕ್ಷರ ಹಿಡಿಯಿರಿ

ಕನ್ನಡ ಲಿಪಿಯಲ್ಲಿ ಬರೆದುಕೊಂಡ ಕೂಡಲೇ ಒಂದು ಅಪಾಯ ಹತ್ತಿರ ಬರುತ್ತದೆ. ಅರಾಮಿಕ್‌ನಲ್ಲಿ ‘ಕ’ದಂತೆ ಕೇಳುವ ಅಕ್ಷರ ಎರಡು: ಕಾಫ್ ಮತ್ತು ಕೋಫ್. ಕೋಫ್ ಅನ್ನು ಗಂಟಲಿನ ಆಳದಿಂದ ಹೇಳುತ್ತಾರೆ. ‘ತ’ದಲ್ಲಿ ತಾವ್ ಮತ್ತು ಟೇತ್. ‘ಹ’ದಲ್ಲಿ ಹೇ ಮತ್ತು ಹೇತ್. ‘ಸ’ದಲ್ಲಿ ಸೆಮ್ಕತ್ ಮತ್ತು ಸಾದೇ. ಸ್ವರದಂತೆ ಕೇಳುವ ಆಲಫ್ ಮತ್ತು ಐನ್ ಕೂಡ ವ್ಯಂಜನಗಳೇ.

ಕೋಫ್ ಇರುವ ‘ಕ಼್ರೆಬ್’ ಅಂದರೆ ‘ಹತ್ತಿರ ಬಂದ’. ಕಾಫ್ ಇರುವ ‘ಕ್ರಬ್’ ಅಂದರೆ ‘ಉತ್ತ’. ಕುರ್ಬಾನದ ಬೇರು ಹುಡುಕಲು ಹೋಗಿ ಕಾಫ್ ಒತ್ತಿದರೆ ನೇರವಾಗಿ ನೇಗಿಲಿನ ಹತ್ತಿರ ಹೋಗಿ ನಿಲ್ಲುತ್ತೀರಿ. ಅದಕ್ಕೇ ಇಲ್ಲಿ ಕೋಫ್‌ಗೆ ಚುಕ್ಕೆ ಇಟ್ಟು ಕ಼ ಅಂತಲೂ, ಟೇತ್‌ಗೆ ಟ ಅಂತಲೂ, ಹೇತ್‌ಗೆ ಹ಼ ಅಂತಲೂ ಬರೆಯುತ್ತೇನೆ. ನೀವೂ ಇಂಥದ್ದೊಂದು ಪದ್ಧತಿ ಇಟ್ಟುಕೊಳ್ಳಿ. ಅದರ ಪಕ್ಕದಲ್ಲಿ ಮೂಲ ಅಕ್ಷರಗಳನ್ನೂ ಬರೆಯುವುದು ಒಳ್ಳೆಯದು.

ಉಚ್ಚಾರ ಊರಿನಿಂದ ಊರಿಗೆ ಬದಲಾಗುತ್ತದೆ. ಪೂರ್ವ ಸಿರಿಯಾಕ್‌ನವರು ‘ಶ್ಲಾಮಾ’ ಅಂದರೆ ಪಶ್ಚಿಮದವರು ‘ಶ್ಲೋಮೋ’ ಅನ್ನುತ್ತಾರೆ. ಅರ್ಥ ಒಂದೇ, ಶಾಂತಿ. ಕೇರಳದಲ್ಲಿ ಎರಡೂ ಸಂಪ್ರದಾಯಗಳಿವೆ. ಸ್ವರದ ನಂತರ ಬ, ಕ, ಪ, ತ ಮೆತ್ತಗಾಗಿ ವ, ಖ, ಫ, ಥ ಆಗುವುದೂ ಉಂಟು. ಇಲ್ಲಿ ಗಟ್ಟಿ ರೂಪವನ್ನೇ ಬರೆಯುತ್ತಿದ್ದೇನೆ, ಬೇರು ಕಾಣಲಿ ಅಂತ.

ಲಿಪಿಯ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು ಬ್ರಾಹ್ಮಿಯಲ್ಲಿವೆ. ಆದರೆ ಬರೆದವನಾದ ಚಪಡ, ಕೊನೆಯಲ್ಲಿ ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿ ಅರಾಮಿಕ್ ಲಿಪಿಯಿಂದ ಹುಟ್ಟಿದ್ದು. ‘ಲಿಪಿ’ ಅನ್ನುವ ಪದವೂ ಹಳೆಯ ಪಾರ್ಸಿಯ ‘ದಿಪಿ’ಗೆ ಸೇರಿದ್ದು. ವಾಯವ್ಯದ ಶಹಬಾಜ್‌ಗಢಿ ಶಾಸನದಲ್ಲಿ ‘ದಿಪಿ’ ಅಂತಲೇ ಇದೆ. ಅರಾಮಿಕ್ ಅಕ್ಷರದ ಮೊಮ್ಮಕ್ಕಳು ಮೊಳಕಾಲ್ಮುರಿನ ಬಂಡೆವರೆಗೆ ಬಂದಿದ್ದವು ಅನ್ನುವುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಹೆಜ್ಜೆ 3: ಹಿಂದು ಮುಂದು ಅಂಟಿಕೊಂಡಿದ್ದನ್ನು ಬಿಡಿಸಿ

ಸಿರಿಯಾಕ್‌ನಲ್ಲಿ ನಾಲ್ಕು ಅಕ್ಷರಗಳು ಪದದ ಮುಂದೆ ಅಂಟುತ್ತವೆ. ಬ ಅಂದರೆ ‘ಅಲ್ಲಿ’, ದ ಅಂದರೆ ‘ಅದರ’, ವ ಅಂದರೆ ‘ಮತ್ತು’, ಲ ಅಂದರೆ ‘ಅದಕ್ಕೆ’. ‘ವದ್ಮಲ್ಕೂತಾ’ ನೋಡಿ ಹೆದರಬೇಡಿ. ವ, ದ ತೆಗೆದರೆ ಉಳಿಯುವುದು ‘ಮಲ್ಕೂತಾ’, ಅಂದರೆ ರಾಜ್ಯ. ಇಡೀ ಪದಕ್ಕೆ ‘ಮತ್ತು ರಾಜ್ಯದ’ ಅಂತ ಅರ್ಥ.

ಹಿಂದೆ ಅಂಟುವುದು ಯಾರದು ಅನ್ನುವ ಪ್ರತ್ಯಯ. ಯೇಸು ಕಲಿಸಿದ ಪ್ರಾರ್ಥನೆಯ ಸಿರಿಯಾಕ್ ಪಾಠದಲ್ಲಿ ‘ತೇತೇ ಮಲ್ಕೂತಾಕ್’ ಅಂತ ಬರುತ್ತದೆ. ‘ಆಕ್’ ಅಂದರೆ ನಿನ್ನ. ‘ನಿನ್ನ ರಾಜ್ಯ ಬರಲಿ.’ ‘ಮಲ್ಕೇಹ್’ ಅವನ ರಾಜ, ‘ಮಲ್ಕನ್’ ನಮ್ಮ ರಾಜ, ‘ಮಲ್ಕ್‌ಹೋನ್’ ಅವರ ರಾಜ. ‘ನನ್ನ ರಾಜ’ ಅನ್ನುವಾಗ ಕೊನೆಗೆ ಯೋದ್, ಅಂದರೆ ‘ಯ’ ಅಕ್ಷರ, ಬರೆಯುತ್ತಾರೆ, ಓದುವುದಿಲ್ಲ. ಹಾಗಾಗಿ ಕಿವಿಗೆ ‘ಮಲ್ಕ್’ ಅಷ್ಟೇ.

ಇದಾದ ಮೇಲೆ ನಾಮಪದದ ಸ್ಥಿತಿ ನೋಡಬೇಕು. ಕನ್ನಡದಲ್ಲಿ ವಿಭಕ್ತಿ ಇದ್ದಂತೆ ಅರಾಮಿಕ್‌ನಲ್ಲಿ ವಿಭಕ್ತಿ ಇಲ್ಲ. ಬದಲಿಗೆ ಮೂರು ಸ್ಥಿತಿಗಳಿವೆ. ಬಿಡಿ ರೂಪ ‘ಮ್ಲೆಕ್’. ಇನ್ನೊಂದು ಪದಕ್ಕೆ ತಗುಲಿಕೊಳ್ಳುವ ರೂಪವೂ ಏಕವಚನದಲ್ಲಿ ‘ಮ್ಲೆಕ್’. ಕೊನೆಗೆ ಆಕಾರ ಹಚ್ಚಿದ ರೂಪ ‘ಮಲ್ಕಾ’. ಬಹುವಚನದಲ್ಲಿ ಮೂರೂ ಬೇರೆ: ‘ಮಲ್ಕೀನ್’, ‘ಮಲ್ಕಯ್’, ‘ಮಲ್ಕೇ’. ರಾಣಿಗೆ ‘ಮಲ್ಕ್ತಾ’, ರಾಣಿಯರಿಗೆ ‘ಮಲ್ಕಾತಾ’. ಆ ಕೊನೆಯ ಆಕಾರ ಮೊದಲು ‘ಆ’, ‘ಅದೇ’ ಅನ್ನುವ ಅರ್ಥ ಕೊಡುತ್ತಿತ್ತು. ಪೂರ್ವದ ಅರಾಮಿಕ್‌ಗಳಲ್ಲಿ ಅದು ಸವೆದು ಮಾಮೂಲಿ ರೂಪವೇ ಆಗಿಹೋಯಿತು.

ಹೆಜ್ಜೆ 4: ಮೂರು ವ್ಯಂಜನ ಹುಡುಕಿ

ಈಗ ಉಳಿದಿರುವುದರಲ್ಲಿ ಸ್ವರಗಳನ್ನು ಬದಿಗಿಡಿ. ಹೆಚ್ಚಿನ ಪದಗಳಲ್ಲಿ ಮೂರು ವ್ಯಂಜನ ಸಿಗುತ್ತವೆ. ಅವೇ ಬೇರು. ಕುರ್ಬಾನಾದಲ್ಲಿ ಕೊನೆಯ ‘ಆನಾ’ ಪ್ರತ್ಯಯ. ಅದು ಹೋದರೆ ಕ಼-ರ-ಬ.

ಮೂರು ಸಿಗದಿದ್ದರೆ ಎಲ್ಲೋ ಒಂದು ಅಡಗಿದೆ ಅಂತ ಅರ್ಥ. ನಾಲ್ಕು ಜಾಗದಲ್ಲಿ ಹುಡುಕಿ. ಮೊದಲಿನ ನ ಮುಂದಿನ ಅಕ್ಷರದಲ್ಲಿ ಕರಗುತ್ತದೆ: ‘ನ್ಪಕ಼್’ ಹೊರಟ, ಆದರೆ ‘ನೆಪ್ಪೋಕ಼್’ ಹೊರಡುವನು. ಮೊದಲಿನ ಯ ಕೆಲವೊಮ್ಮೆ ವ ಆಗುತ್ತದೆ: ಯ-ತ-ಬ, ಕೂರು, ಅದರಿಂದ ‘ಮೌತ್ಬಾ’ ಅಂದರೆ ಆಸನ. ನಡುವಿನ ವ ಸ್ವರವಾಗಿಬಿಡುತ್ತದೆ: ಕ಼-ವ-ಮ, ನಿಲ್ಲು, ಆದರೆ ‘ನಿಂತ’ ಅನ್ನಲು ‘ಕ಼ಾಮ್’. ಕೊನೆಯ ಯ ಉದುರುತ್ತದೆ: ‘ಕ಼್ರಾ’ ಓದಿದ, ಕರೆದ. ಅದೇ ಯ ‘ಕ಼ೆರ್ಯಾನಾ’ ಅನ್ನುವ ಪದದಲ್ಲಿ ಮತ್ತೆ ಕಾಣಿಸುತ್ತದೆ. ಚರ್ಚಿನಲ್ಲಿ ಗಟ್ಟಿಯಾಗಿ ಓದುವ ಪಾಠಕ್ಕೆ ಈ ಹೆಸರು. ‘ಖುರಾನ್’ ಅನ್ನುವ ಪದದ ಹಿಂದೆ ಇದರ ಪ್ರಭಾವ ಇದೆ ಅಂತ ಹಲವು ವಿದ್ವಾಂಸರು ಹೇಳುತ್ತಾರೆ.

ಬೇರು ಸಿಕ್ಕ ಮೇಲೆ ನಿಘಂಟು ತೆರೆಯಿರಿ. ಸಿನ್ಸಿನಾಟಿಯ ಹೀಬ್ರೂ ಯೂನಿಯನ್ ಕಾಲೇಜಿನ ‘ಕಾಂಪ್ರಿಹೆನ್ಸಿವ್ ಅರಾಮಿಕ್ ಲೆಕ್ಸಿಕನ್’ ಅಂತರ್ಜಾಲದಲ್ಲಿ ಉಚಿತ. ಎಲ್ಲ ಕಾಲದ ಅರಾಮಿಕ್ ಒಂದೇ ಕಡೆ ಸಿಗುತ್ತದೆ, ಯಾವ ಅರ್ಥ ಯಾವ ಶಾಖೆಯದ್ದು ಅಂತಲೂ ಗುರುತು ಹಾಕಿರುತ್ತಾರೆ. ಅಲ್ಲಿ ಅಕ್ಷರ ಒತ್ತುವ ಪದ್ಧತಿ ವಿಚಿತ್ರ. ‘ಶ’ ಅಕ್ಷರವಾದ ಶೀನ್‌ಗೆ ಡಾಲರ್ ಚಿಹ್ನೆ, ಆಲಫ್ ಮತ್ತು ಐನ್‌ಗೆ ಆವರಣ ಚಿಹ್ನೆಗಳು. ಅದರ ಪಟ್ಟಿ ನೋಡಿಕೊಂಡೇ ಶುರು ಮಾಡಿ. ಬರೀ ಸಿರಿಯಾಕ್ ಸಾಕು ಅನ್ನುವವರಿಗೆ 1903ರ ಪೇನ್ ಸ್ಮಿತ್ ನಿಘಂಟು ಇನ್ನೂ ಚೆನ್ನಾಗಿ ದುಡಿಯುತ್ತದೆ. ತಾಲ್ಮುಡ್ ಪದಗಳಿಗೆ ಜಾಸ್ಟ್ರೋ ನಿಘಂಟು ಇದೆ, ಆದರೆ ಅದು ಹೇಳುವ ವ್ಯುತ್ಪತ್ತಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಗ್ರೀಕ್‌ನಿಂದ ಬಂದ ಪದಗಳಿಗೂ ಸೆಮಿಟಿಕ್ (ಅರಾಮಿಕ್, ಹೀಬ್ರೂ, ಅರಬ್ಬಿಗಳ ಕುಟುಂಬದ) ಬೇರು ಕಟ್ಟುವ ಚಟ ಅದಕ್ಕಿದೆ.

ಹೆಜ್ಜೆ 5: ಅಚ್ಚು ಗುರುತಿಸಿ

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಹೆಜ್ಜೆ ಇದು. ಬೇರು ಬೆಲ್ಲದ ಪಾಕ ಇದ್ದಂತೆ, ಯಾವ ಅಚ್ಚಿಗೆ ಹೊಯ್ದರೆ ಆ ಆಕಾರ. ಅಚ್ಚಿಗೂ ಅದರದ್ದೇ ಅರ್ಥ ಇರುತ್ತದೆ.

ಕ಼ುರ್ಬಾನಾದ ಅಚ್ಚು ನೋಡಿ: ಮೊದಲ ವ್ಯಂಜನಕ್ಕೆ ಉಕಾರ, ಕೊನೆಗೆ ಆನಾ. ಇದು ಕ್ರಿಯೆಯನ್ನು ಹೆಸರಾಗಿಸುತ್ತದೆ. ಪ-ಕ಼-ದ ಅಪ್ಪಣೆ ಮಾಡು, ‘ಪುಕ಼್ದಾನಾ’ ಅಪ್ಪಣೆ. ಪ-ಲ-ಹ಼ ದುಡಿ, ಸೇವೆ ಮಾಡು, ‘ಪುಲ್ಹ಼ಾನಾ’ ಸೇವೆ. ಪ-ರ-ಕ಼ ಬಿಡಿಸು, ‘ಪುರ್ಕ಼ಾನಾ’ ಬಿಡುಗಡೆ, ಮೋಕ್ಷ. ಪ-ರ-ಶ ಬೇರೆ ಮಾಡು, ‘ಪುರ್ಶಾನಾ’ ವ್ಯತ್ಯಾಸ. ಶ-ಲ-ಟ ಅಧಿಕಾರ ನಡೆಸು, ‘ಶುಲ್ಟಾನಾ’ ಅಧಿಕಾರ.

ಕೊನೆಯದು ಪರಿಚಿತ ಅನ್ನಿಸಿತು, ಅಲ್ವಾ? ಅರಬ್ಬಿಯ ‘ಸುಲ್ತಾನ್’ ಇದರಿಂದಲೇ ಹೋದದ್ದು ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಖುರಾನಿನಲ್ಲಿ ಆ ಪದಕ್ಕೆ ಅಧಿಕಾರ, ಪುರಾವೆ ಅಂತ ಅರ್ಥ. ಆಳುವ ಮನುಷ್ಯನಿಗೆ ಬಿರುದಾದದ್ದು ಆಮೇಲೆ. ಹಾಗಾದರೆ ಶ್ರೀರಂಗಪಟ್ಟಣದ ಟಿಪ್ಪು ‘ಸುಲ್ತಾನ’ನೂ ಬಕ್ರೀದಿನ ‘ಕುರ್ಬಾನಿ’ಯೂ ಒಂದೇ ಅಚ್ಚಿನಲ್ಲಿ ಬಂದವು.

ಇನ್ನೂ ಕೆಲವು ಅಚ್ಚು ಕಲಿತರೆ ನಿಘಂಟು ತೆರೆಯುವ ಮೊದಲೇ ಅರ್ಧ ಅರ್ಥ ಹೊಳೆಯುತ್ತದೆ. ನಡುವಿನ ವ್ಯಂಜನ ದ್ವಿತ್ವ, ಆಮೇಲೆ ಈಕಾರ ಇದ್ದರೆ ಗುಣ: ‘ಕ಼ರ್ರೀಬಾ’ ಹತ್ತಿರದ, ‘ಹ಼ಕ್ಕೀಮಾ’ ಜಾಣ, ‘ಕ಼ಶ್ಶೀಶಾ’ ಹಿರಿಯ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಪಾದ್ರಿಗೆ ಕಶೀಶ ಅನ್ನುವುದು ಇದನ್ನೇ. ದ್ವಿತ್ವದ ನಂತರ ಆಕಾರ ಇದ್ದರೆ ಕಸುಬು ಅಥವಾ ಚಾಳಿ: ‘ದಯ್ಯಾನಾ’ ನ್ಯಾಯಾಧೀಶ, ‘ಗನ್ನಾಬಾ’ ಕಳ್ಳ, ‘ನಗ್ಗಾರಾ’ ಬಡಗಿ, ‘ಶಮ್ಮಾಶಾ’ ಸೇವಕ. ಮೊದಲು ಆಕಾರ, ನಡುವೆ ಓಕಾರ ಇದ್ದರೆ ಮಾಡುವವನು: ‘ಕಾತೋಬಾ’ ಬರೆಯುವವನು, ‘ಪಾರೋಕ಼ಾ’ ಬಿಡಿಸುವವನು, ರಕ್ಷಕ. ಮುಂದೆ ಮ ಇದ್ದರೆ ಹಲವು ಸಲ ಜಾಗ: ಸ-ಗ-ದ ಅಂದರೆ ಬಾಗಿ ನಮಿಸು, ‘ಮಸ್ಗ್ದಾ’ ನಮಿಸುವ ಜಾಗ. ಎಲಿಫಂಟೈನ್ ಕಾಗದಗಳಲ್ಲೇ ಈ ಪದ ಇದೆ, ಇಸ್ಲಾಂಗಿಂತ ಸಾವಿರ ವರ್ಷ ಮೊದಲು. ನಮ್ಮ ‘ಮಸೀದಿ’ ಇದರ ಸಂಬಂಧಿ. ಕೊನೆಗೆ ‘ಊತಾ’ ಬಂದರೆ ಕನ್ನಡದ ‘ತನ’ ಅಂದುಕೊಳ್ಳಿ: ‘ಕ಼ರ್ರೀಬೂತಾ’ ಹತ್ತಿರತನ.

ಹೆಜ್ಜೆ 6: ಕ್ರಿಯಾಪದವಾದರೆ, ಯಾರು ಮತ್ತು ಯಾವಾಗ

ಕನ್ನಡದಲ್ಲಿ ಬರೆದೆನು, ಬರೆದನು, ಬರೆದಳು ಅಂತ ‘ಯಾರು’ ಅನ್ನುವುದು ಕೊನೆಯಲ್ಲಿ ಬರುತ್ತದೆ. ಸಿರಿಯಾಕ್ ಭೂತಕಾಲದಲ್ಲೂ ಹಾಗೆಯೇ: ‘ಕ್ತಬ್’ ಬರೆದನು, ‘ಕೆತ್ಬತ್’ ಬರೆದಳು, ‘ಕ್ತಬ್ತ್’ ನೀನು ಬರೆದೆ, ‘ಕೆತ್ಬೆತ್’ ನಾನು ಬರೆದೆ. ಮುಂದೆ ಆಗುವ ಕೆಲಸಕ್ಕೆ ಗುರುತು ಮುಂದಕ್ಕೆ ಬರುತ್ತದೆ: ‘ಎಕ್ತೋಬ್’ ನಾನು ಬರೆಯುವೆ, ‘ತೆಕ್ತೋಬ್’ ನೀನು ಬರೆಯುವೆ ಅಥವಾ ಅವಳು ಬರೆಯುವಳು, ‘ನೆಕ್ತೋಬ್’ ಅವನು ಬರೆಯುವನು ಅಥವಾ ನಾವು ಬರೆಯುವೆವು. ಯಾವುದು ಅಂತ ಸಂದರ್ಭವೇ ಹೇಳಬೇಕು.

ಇದರ ಮೇಲೆ ಗಣಗಳಿವೆ, ಅಂದರೆ ಕ್ರಿಯಾಪದದ ಅಚ್ಚುಗಳು. ಮೂರು ಮುಖ್ಯ, ಪ್ರತಿಯೊಂದಕ್ಕೂ ‘ಎತ್’ ಸೇರಿದ ಒಂದು ಜೋಡಿ. ನಮ್ಮ ಬೇರಿನಲ್ಲೇ ನೋಡೋಣ. ಸರಳ ಗಣದಲ್ಲಿ ‘ಕ಼್ರೆಬ್’ ಹತ್ತಿರ ಬಂದ. ನಡು ದ್ವಿತ್ವವಾದರೆ ‘ಕ಼ರ್ರೆಬ್’ ಅರ್ಪಿಸಿದ, ಅಂದರೆ ಹತ್ತಿರ ತಂದ. ಅದಕ್ಕೆ ‘ಎತ್’ ಸೇರಿದರೆ ‘ಎತ್ಕ಼ರ್ರಬ್’ ಅರ್ಪಿತವಾಯಿತು. ಮುಂದೆ ಅಕಾರ ಬಂದರೆ ‘ಅಕ಼್ರೆಬ್’ ಯುದ್ಧ ಮಾಡಿದ! ನಿಘಂಟಿನಲ್ಲಿ ಬೇರು ಸಿಕ್ಕಿತು ಅಂತ ಮೊದಲ ಸಾಲಿನ ಅರ್ಥ ಎತ್ತಿಕೊಂಡು ಬರಬಾರದು ಅನ್ನುವುದು ಇದಕ್ಕೇ. ಗಣ ನೋಡಲೇಬೇಕು.

ಬೈಬಲಿನ ಎರಡು ಮಾತು ಬಿಡಿಸಿ ನೋಡೋಣ. ಮಾರ್ಕನ ಸುವಾರ್ತೆ 15:34ರಲ್ಲಿ ಶಿಲುಬೆಯ ಮೇಲಿಂದ ಯೇಸು ಕೂಗುವ ಮಾತಿನ ಕೊನೆಯ ಪದ ‘ಶಬಕ್ತಾನಿ’. ಬೇರು ಶ-ಬ-ಕ಼, ಬಿಟ್ಟುಬಿಡು. ‘ತ’ ಅಂದರೆ ನೀನು, ‘ಆನಿ’ ಅಂದರೆ ನನ್ನನ್ನು. ನೀನು ನನ್ನನ್ನು ಬಿಟ್ಟೆ. ಇದು 22ನೇ ಕೀರ್ತನೆಯ ಸಾಲು. ಅಲ್ಲಿ ಹೀಬ್ರೂ ಮೂಲದಲ್ಲಿ ಬೇರೆಯೇ ಕ್ರಿಯಾಪದ ಇದೆ. ಆದ್ದರಿಂದ ಮಾರ್ಕ ಕೊಟ್ಟಿರುವುದು ಅರಾಮಿಕ್ ಅನ್ನುವುದರಲ್ಲಿ ಅನುಮಾನ ಇಲ್ಲ.

ಇನ್ನೊಂದು 5:41ರ ‘ಟಲಿತಾ ಕೂಮ್’. ‘ಟಲ್ಯಾ’ ಹುಡುಗ, ‘ಟ್ಲೀತಾ’ ಹುಡುಗಿ, ‘ಕ಼ೂಮ್’ ಏಳು. ಹುಡುಗಿಗೆ ಹೇಳುವಾಗ ‘ಕ಼ೂಮಿ’ ಆಗಬೇಕಲ್ಲ? ಗ್ರೀಕ್ ಹಸ್ತಪ್ರತಿಗಳಲ್ಲಿ ಕೆಲವು ‘ಕೂಮ್’ ಅನ್ನುತ್ತವೆ, ಕೆಲವು ‘ಕೂಮಿ’. ಸಿರಿಯಾಕ್‌ನಲ್ಲಿ ಕೊನೆಯ ಯೋದ್ ಬರೆಯುತ್ತಾರೆ, ಓದುವುದಿಲ್ಲ. ‘ನನ್ನ ರಾಜ’ನಲ್ಲಿ ಆದದ್ದೇ ಇಲ್ಲೂ ಆಗಿರುವಂತಿದೆ: ಒಬ್ಬರು ಕಿವಿಗೆ ಕೇಳಿದ್ದು ಬರೆದರು, ಇನ್ನೊಬ್ಬರು ವ್ಯಾಕರಣ ಸರಿ ಮಾಡಿದರು.

ಇವತ್ತಿನ ಮಾತಿನ ಅರಾಮಿಕ್ ಆದರೆ ಈ ಭೂತಕಾಲದ ಪಟ್ಟಿ ನಂಬಬೇಡಿ. ಉತ್ತರ ಇರಾಕ್‌ನ ಕ್ರೈಸ್ತರ ಮಾತಿನಲ್ಲಿ ‘ನಾನು ಬರೆದೆ’ ಅಂದರೆ ‘ಕ್ತಿವ್ಲಿ’. ಬಿಡಿಸಿದರೆ ‘ಬರೆಯಲ್ಪಟ್ಟದ್ದು ನನಗೆ’. ಹಳೆಯ ರೂಪ ಪೂರ್ತಿ ಹೋಗಿ ಹೊಸದು ಕಟ್ಟಿಕೊಂಡಿದೆ.

ಹೆಜ್ಜೆ 7: ಹುಟ್ಟಾ, ಸಾಲವಾ?

ಮೂರು ವ್ಯಂಜನಕ್ಕೆ ಒಗ್ಗದ, ಯಾವ ಅಚ್ಚಿಗೂ ಕೂರದ ಪದ ಸಿಕ್ಕರೆ ಹೊರಗಿನದು ಅಂತ ಶಂಕಿಸಿ. ‘ಹಯ್ಕ್ಲಾ’ ಅಂದರೆ ಅರಮನೆ, ದೇವಾಲಯ. ಇದಕ್ಕೆ ಅರಾಮಿಕ್ ಬೇರು ಇಲ್ಲ. ಪ್ರಾಚೀನ ಇರಾಕಿನ ಭಾಷೆಯಾದ ಅಕ್ಕಾಡಿಯನ್‌ನ ‘ಎಕಲ್ಲು’ವಿನಿಂದ ಬಂತು, ಅದಕ್ಕೂ ಮೊದಲು ಅಲ್ಲಿಯದೇ ಸುಮೇರಿಯನ್‌ನಲ್ಲಿ ‘ಎ-ಗಲ್’, ದೊಡ್ಡ ಮನೆ. ‘ನಾಮೋಸಾ’, ಕಾನೂನು, ಗ್ರೀಕ್‌ನ ‘ನೊಮೊಸ್’. ದುಭಾಷಿಗೆ ‘ತರ್ಗ್ಮಾನಾ’, ಅಕ್ಕಾಡಿಯನ್‌ನಲ್ಲಿ ‘ತರ್ಗುಮನ್ನು’. ಬೈಬಲಿನ ಅರಾಮಿಕ್ ಅನುವಾದಗಳಿಗೆ ‘ತರ್ಗೂಮ್’ ಅನ್ನುತ್ತಾರೆ. ಅರಬ್ಬಿಯಲ್ಲಿ ಗ ಜ ಆಗುತ್ತದೆ. ಹೀಗೆ ನಾವು ದಿನಾ ಹೇಳುವ ‘ತರ್ಜುಮೆ’ಯ ನೆಂಟರೆಲ್ಲ ಸಿಕ್ಕರು.

ಪಾರ್ಸಿಯಿಂದ ಬಂದ ಪದಗಳು ನಮಗೆ ಸಲೀಸು, ಯಾಕಂದರೆ ಸಂಸ್ಕೃತದ ಪರಿಚಯ ಇದೆ. ಎಜ್ರ, ದಾನಿಯೇಲದಲ್ಲಿ ‘ಪಿತ್ಗಾಮಾ’ ಅಂದರೆ ಮಾತು, ಆಜ್ಞೆ. ಹಳೆಯ ಪಾರ್ಸಿಯ ‘ಪತಿಗಾಮ’. ಅಲ್ಲಿಯ ‘ಪತಿ’ ನಮ್ಮ ‘ಪ್ರತಿ’, ‘ಗಾಮ’ ನಮ್ಮ ‘ಗಮ್’ ಧಾತು. ಇದೇ ಪದ ಪಾರ್ಸಿಯಲ್ಲೇ ಸವೆದು ‘ಪೈಗಾಮ್’ ಆಯಿತು. ಪೈಗಾಮ್ ಹೊತ್ತು ತರುವವನೇ ‘ಪೈಗಂಬರ’.

ಹೆಜ್ಜೆ 8: ನೆಂಟರನ್ನು ನಿಯಮದಿಂದ ಅಳೆಯಿರಿ

ಹೀಬ್ರೂ, ಅರಬ್ಬಿ ಜೊತೆ ಹೋಲಿಸುವಾಗ ಧ್ವನಿ ಬದಲಾವಣೆಯ ಲೆಕ್ಕ ಸರಿಹೋಗಬೇಕು. ನಾಲ್ಕು ಸಾಕು. ಚಿನ್ನ: ಹೀಬ್ರೂ ‘ಜಾಹಾಬ್’, ಅರಾಮಿಕ್ ‘ದಹ್ಬಾ’. ಎತ್ತು: ಹೀಬ್ರೂ ‘ಶೋರ್’, ಅರಾಮಿಕ್ ‘ತೌರಾ’. ಜಿಂಕೆ: ಹೀಬ್ರೂ ‘ಸ್ವೀ’, ಮೊದಲಕ್ಷರ ಸಾದೇ. ಅರಾಮಿಕ್ ‘ಟಬ್ಯಾ’. ಅಪೊಸ್ತಲರ ಕೃತ್ಯಗಳು 9:36ರ ‘ತಬಿಥಾ’ ಈ ಜಿಂಕೆಯೇ. ಭೂಮಿ: ಹೀಬ್ರೂ ‘ಎರೆತ್ಸ್’, ಹಳೆ ಅರಾಮಿಕ್ ‘ಅರ್ಕ಼ಾ’, ಆಮೇಲೆ ಐನ್ ಇರುವ ‘ಅರ್‌ಆ’. ಯೆರೆಮೀಯ 10:11ರ ಒಂದೇ ವಚನದಲ್ಲಿ ಈ ಎರಡು ರೂಪಗಳೂ ಇವೆ! ಬದಲಾವಣೆ ನಡೆಯುತ್ತಿರುವಾಗಲೇ ಸಿಕ್ಕಿಬಿದ್ದಂತೆ.

ಕ಼-ರ-ಬ ಬೇರಿಗೆ ಈ ನಿಯಮ ಕೈಕೊಡುತ್ತದೆ, ಯಾಕಂದರೆ ಅದರ ಮೂರು ವ್ಯಂಜನವೂ ಎಲ್ಲ ಕಡೆ ಹಾಗೇ ಇವೆ. ಅಂಥಲ್ಲಿ ಯಾರು ಯಾರಿಂದ ಪಡೆದರು ಅನ್ನಲು ಕಾಲ, ಬಳಕೆ, ಅರ್ಥ ನೋಡಬೇಕು.

ನಿಯಮ ಇಲ್ಲದ ಹೋಲಿಕೆ ಸುಮ್ನೆ ಕಾಕತಾಳೀಯ. ಅರಾಮಿಕ್ ‘ಅಬ್ಬಾ’ ತಂದೆ, ‘ಎಮ್ಮಾ’ ತಾಯಿ. ಕನ್ನಡದ ಅಪ್ಪ, ಅಮ್ಮನಿಗೆ ಇದನ್ನು ಕಟ್ಟಬೇಡಿ. ಮಗುವಿನ ತುಟಿಗೆ ಮೊದಲು ಬರುವ ಪ, ಬ, ಮ ಲೋಕದ ಎಷ್ಟೋ ಭಾಷೆಗಳಲ್ಲಿ ಹೆತ್ತವರ ಹೆಸರಾಗಿವೆ.

ಹೆಜ್ಜೆ 9: ಈಗ ಅರ್ಥ ಜೋಡಿಸಿ

ಹತ್ತಿರ ಬರುವುದು, ಅರ್ಪಣೆ, ಯುದ್ಧ. ಮೂರೂ ಒಂದೇ ಬೇರಿನಲ್ಲಿ ಹೇಗೆ? ದೇವರ ಹತ್ತಿರ ತಂದದ್ದು ಅರ್ಪಣೆ. ಎರಡು ಪಡೆ ಹತ್ತಿರ ಬಂದರೆ ‘ಕ಼್ರಾಬಾ’, ಯುದ್ಧ. ಮ-ಲ-ಕದಲ್ಲೂ ಹೀಗೇ: ‘ಮಲ್ಕಾ’ ರಾಜ, ‘ಮೆಲ್ಕಾ’ ಸಲಹೆ. ಅಕ್ಕಾಡಿಯನ್‌ನಲ್ಲೂ ಈ ಬೇರಿಗೆ ಸಲಹೆ ಕೊಡುವ ಅರ್ಥ ಇದೆ. ಇಂಥ ಜೋಡಣೆಗೆ ನಿಘಂಟಿನ ಉದಾಹರಣೆ ವಾಕ್ಯಗಳನ್ನು ಓದಿ. ವಾಕ್ಯ ಸಿಗದಿದ್ದರೆ ನಿಮ್ಮ ಕಥೆ ಎಷ್ಟೇ ಚೆಂದ ಇದ್ದರೂ ಪೆನ್ಸಿಲಿನಲ್ಲೇ ಬರೆದಿಡಿ.

ಅಭ್ಯಾಸಕ್ಕೆ ಒಂದು ಪದ ಕೊಡುತ್ತೇನೆ. 1 ಕೊರಿಂಥ 16:22ರಲ್ಲಿ ‘ಮಾರಾನಾಥಾ’ ಅಂತ ಒಂದೇ ಉಸಿರಿನಲ್ಲಿ ಇದೆ. ‘ಮಾರ್’ ಅಂದರೆ ಒಡೆಯ, ಕೇರಳದ ಬಿಷಪ್ಪರ ಹೆಸರಿನ ಮುಂದೆ ಬರುವ ಅದೇ ಮಾರ್. ‘ನಮ್ಮ’ ಅನ್ನುವ ಪ್ರತ್ಯಯ ‘ಅನ್’ ಆಗಿರಬಹುದು, ಹಳೆಯ ‘ಅನಾ’ ಕೂಡ ಆಗಿರಬಹುದು. ‘ಆತಾ’ ಅಂದರೆ ಬಂದನು, ‘ತಾ’ ಅಂದರೆ ಬಾ. ಎಲ್ಲಿ ಕತ್ತರಿಸುತ್ತೀರಿ ಅನ್ನುವುದರ ಮೇಲೆ ‘ನಮ್ಮ ಒಡೆಯ ಬಂದಿದ್ದಾನೆ’ ಆಗುತ್ತದೆ, ಇಲ್ಲವೇ ‘ನಮ್ಮ ಒಡೆಯನೇ, ಬಾ’ ಆಗುತ್ತದೆ. ಪ್ರಕಟನೆ ಪುಸ್ತಕದ 22:20ರ ಗ್ರೀಕ್ ಸಾಲನ್ನು ಪಕ್ಕದಲ್ಲಿಟ್ಟುಕೊಂಡು ನೀವೇ ಬಿಡಿಸಿ.